ತಾಯಿಯ ಹಳೆ ಫೋಟೋಗಳೊಳಗೆ ಮಗಳು ನಿಂತದ್ದು ಹೇಗೆ?

"ಫೋಟೋ, ಸಿನಿಮಾ ಎರಡರಲ್ಲೂ ಕೆಲಸ ಮಾಡುವ ಆಫ್ರಿಕಾದ ಯುವ ಕಲಾವಿದರು ಯಾರಿದ್ದಾರೆ?" ಎಂದು ಕೇಳಿದ್ದೀರಿ. ನಾನು ಮೊದಲು ಹೇಳುವ ಹೆಸರು ದಕ್ಷಿಣ ಆಫ್ರಿಕಾದ ಲೆಬೊಹಾಂಗ್ ಖನ್ಯೆ. ಹುಟ್ಟಿದ್ದು 1990ರಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿ. ಕಲಿತದ್ದು ಅಲ್ಲಿನ ಮಾರ್ಕೆಟ್ ಫೋಟೋ ವರ್ಕ್‌ಶಾಪ್‌ನಲ್ಲಿ. ಛಾಯಾಗ್ರಾಹಕ ಡೇವಿಡ್ ಗೋಲ್ಡ್‌ಬ್ಲಾಟ್ 1989ರಲ್ಲಿ ಕಟ್ಟಿದ ಫೋಟೋಗ್ರಫಿ ಶಾಲೆ ಅದು.

ತಾಯಿ ತೀರಿಹೋದ ಮೇಲೆ ಆಕೆಗೆ ಮನೆಯಲ್ಲಿ ಅಮ್ಮನ ಹಳೆ ಫೋಟೋಗಳು ಸಿಕ್ಕವು. ಫೋಟೋದಲ್ಲಿದ್ದ ಬಟ್ಟೆಗಳೂ ಬೀರುವಿನಲ್ಲಿ ಇನ್ನೂ ಇದ್ದವು. ಅವನ್ನೇ ಉಟ್ಟು, ಅಮ್ಮ ನಿಂತಿದ್ದ ಭಂಗಿಯಲ್ಲೇ ನಿಂತು ಫೋಟೋ ತೆಗೆಸಿಕೊಂಡಳು. ಆಮೇಲೆ ಆ ಚಿತ್ರವನ್ನು ಹಳೆಯ ಫೋಟೋದ ಮೇಲೆ ಕಂಪ್ಯೂಟರಿನಲ್ಲಿ ಕೂರಿಸಿದಳು. ಅಮ್ಮನ ಪಕ್ಕದಲ್ಲಿ ಮಗಳು, ಅರೆಪಾರದರ್ಶಕವಾಗಿ. ನೋಡುತ್ತಾ ಹೋದರೆ ಇಬ್ಬರಲ್ಲಿ ನೆರಳು ಯಾರು ಎಂಬುದೇ ಗೊಂದಲವಾಗುತ್ತದೆ. 2013ರ ಈ ಸರಣಿಯ ಹೆಸರು 'ಕೆ ಲೆಫಾ ಲಾಕಾ', ಸೆಸೊಥೊ ಭಾಷೆಯಲ್ಲಿ 'ಇದು ನನ್ನ ಪಿತ್ರಾರ್ಜಿತ' ಎಂದರ್ಥ. (ಇಲ್ಲಿ ಬಂದದ್ದು ತಾಯಿಯಿಂದ, ಕನ್ನಡದ ಪದ ಕೈಕೊಟ್ಟಿತು!)

ಅಜ್ಜನ ಕಥೆ ಹೇಳುವ ಇನ್ನೊಂದು ಸರಣಿಗೆ ತಂತ್ರ ಬೇರೆ. ಕುಟುಂಬದವರ ಫೋಟೋಗಳನ್ನು ಆಳೆತ್ತರದ ರಟ್ಟಿನ ಆಕೃತಿಗಳಾಗಿ ಕತ್ತರಿಸಿ, ತಾನೇ ಅಜ್ಜನ ವೇಷ ಹಾಕಿ ನಡುವೆ ನಿಂತಳು. ವರ್ಣಭೇದದ ಕಾಲದಲ್ಲಿ ಊರೂರು ಅಲೆದ ಆ ಮನೆತನದ ಹೆಸರು ದಾಖಲೆಗಳಲ್ಲಿ ಬೇರೆ ಬೇರೆ ಕಾಗುಣಿತದಲ್ಲಿದೆ. ಇಂಥ ಕತ್ತರಿಸಿದ ಆಕೃತಿಗಳೇ ಆಮೇಲೆ ಚಲಿಸತೊಡಗಿ ಅನಿಮೇಷನ್ ಚಿತ್ರಗಳಾದವು. 2017ರ 'ಕೆ ಸಾಲೆ ತೆಂಗ್' ಅಂಥದ್ದೊಂದು.

2024ರಲ್ಲಿ ಆಕೆಗೆ ಡಾಯ್ಚೆ ಬೋರ್ಸೆ ಎಂಬ ಅಂತರರಾಷ್ಟ್ರೀಯ ಛಾಯಾಗ್ರಹಣ ಪ್ರಶಸ್ತಿ ಬಂತು. ನೋಡಲು ಶುರು ಮಾಡುವುದಾದರೆ ಅಮ್ಮನ ಸರಣಿಯಿಂದಲೇ ಮಾಡಿ.