ಹಿಮ್ಮಡಿಯ ಕಪ್ಪು ಕಲೆ: ಆಣಿಯೋ, ಮೆಲನೋಮವೋ?

ಪ್ರಶ್ನೆ: ಆಯಿಗೆ 61 ವರ್ಷ. ಗದ್ದೆಗೆ ಬರಿಗಾಲಲ್ಲೇ ಹೋಗುತ್ತಾರೆ. ಹಿಮ್ಮಡಿಯಲ್ಲಿ ವರ್ಷದಿಂದ ಕಪ್ಪು ಕಲೆಯಿದೆ. ಆಣಿಯೆಂದು ಗೇರೆಣ್ಣೆ ಹಚ್ಚುತ್ತಿದ್ದೆವು. ಈಗ ನೀರು ಒಸರುತ್ತಿದೆ, ನೋವಿಲ್ಲ. ಬಿಸಿಲು ಬೀಳದ ಜಾಗದಲ್ಲೂ ಚರ್ಮದ ಕ್ಯಾನ್ಸರ್ ಬರುತ್ತದೆಯೇ?
– ಓದುಗರು, ಅಂಕೋಲಾ

ಉತ್ತರ: ಬರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ನಮ್ಮವರಲ್ಲಿ ಅಪರೂಪ. ಚರ್ಮದಲ್ಲಿ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನಡಿ. ಈ ಬಗೆಗೆ ಬಿಸಿಲು ಮುಖ್ಯ ಕಾರಣವಲ್ಲ.

ಗೇರೆಣ್ಣೆ ಇವತ್ತೇ ನಿಲ್ಲಿಸಿ. ಅದು ಚರ್ಮ ಸುಟ್ಟು ಕಪ್ಪಾಗಿಸಿ ಕಲೆಯ ಅಂಚನ್ನೇ ಮರೆಸುತ್ತದೆ. ಬ್ಲೇಡಿನಿಂದ ಹೆರೆಯುವುದೂ ಬೇಡ. ಮೆಲನೋಮವಾಗಿದ್ದರೆ, ಗಡ್ಡೆ ಎಷ್ಟು ದಪ್ಪವಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಮೇಲ್ಪದರ ಹೋದರೆ ಅಳತೆ ತಪ್ಪುತ್ತದೆ.

ಆಣಿ ಒತ್ತಿದರೆ ನೋಯುತ್ತದೆ, ನಡುವೆ ಗಟ್ಟಿ ತಿರುಳಿರುತ್ತದೆ. ಮೆಲನೋಮ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಜನ ಮೋಸಹೋಗುವುದು ಅಲ್ಲೇ. ಅಂಚು ವಕ್ರ, ಒಂದೇ ಕಲೆಯಲ್ಲಿ ಕಂದು, ಕಪ್ಪು, ನೀಲಿ ಛಾಯೆ, ಹರಡುತ್ತಾ ಹೋಗುವುದು, ರಕ್ತ ಒಸರುವುದು, ಎರಡು ತಿಂಗಳಾದರೂ ಮಾಯದ ಹುಣ್ಣು: ಇವುಗಳಲ್ಲಿ ಎರಡು ಕಂಡರೂ ತಡಮಾಡಬಾರದು. ಕೆಲವಕ್ಕೆ ಕಪ್ಪು ಬಣ್ಣವೇ ಇರುವುದಿಲ್ಲ, ಕೆಂಪು ಮಾಂಸದಂತೆ ಕಾಣುತ್ತವೆ. ಸಕ್ಕರೆ ಕಾಯಿಲೆಯ ಹುಣ್ಣೆಂದು ತಿಂಗಳುಗಟ್ಟಲೆ ಡ್ರೆಸ್ಸಿಂಗ್ ನಡೆಯುವುದುಂಟು.

ಕಾರವಾರದ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಲ್ಲಿ ಅಂಗಾಲಿನ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಬಣ್ಣ ಗೆರೆಗಳ ತಗ್ಗಿನಲ್ಲಿದ್ದರೆ ಸಾಮಾನ್ಯವಾಗಿ ನಿರಪಾಯದ ಮಚ್ಚೆ. ಏಣಿನ ಮೇಲಿದ್ದರೆ ಅನುಮಾನ. ಖಚಿತವಾಗುವುದು ಬಯಾಪ್ಸಿಯಿಂದಲೇ, ಅಂದರೆ ಕಲೆಯನ್ನು ಕತ್ತರಿಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದ. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಮಾತು ನಂಬಬೇಡಿ. ರಿಪೋರ್ಟಿನಲ್ಲಿ 'ಬ್ರೆಸ್ಲೋ' ದಪ್ಪ, ಅಂದರೆ ಗಡ್ಡೆ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಎಂಬ ಅಳತೆ, ಬರೆದಿದೆಯೇ ನೋಡಿ. 1 ಮಿ.ಮೀ. ಒಳಗಿದ್ದರೆ ಸುತ್ತ 1 ಸೆಂ.ಮೀ. ಒಳ್ಳೆಯ ಚರ್ಮ ಸೇರಿಸಿ ತೆಗೆಯುತ್ತಾರೆ, 2 ಮಿ.ಮೀ. ಮೀರಿದರೆ 2 ಸೆಂ.ಮೀ. ಹಿಮ್ಮಡಿಯ ಚರ್ಮ ಎಳೆದು ಹೊಲಿಯಲು ಬರುವುದಿಲ್ಲ, ಹಾಗಾಗಿ ಬೇರೆಡೆಯ ಚರ್ಮ ಕೂರಿಸಬೇಕಾಗಬಹುದು. ದಪ್ಪ 1 ಮಿ.ಮೀ. ಮೀರಿದ್ದರೆ ತೊಡೆಸಂದಿನ ಮೊದಲ ದುಗ್ಧಗ್ರಂಥಿಯನ್ನೂ ಪರೀಕ್ಷಿಸುವುದು ರೂಢಿ. ಪಾದದಿಂದ ರೋಗ ಹೆಚ್ಚಾಗಿ ಮೊದಲು ಸೇರುವುದು ಅಲ್ಲಿಗೆ.

ಪ್ರಶ್ನೆ: ಕಾಲಿನ ಹೆಬ್ಬೆರಳ ಉಗುರಿನಲ್ಲಿ ಕಪ್ಪು ಗೆರೆಯಿದೆ. ಎಡವಿದ ನೆನಪಿಲ್ಲ.
– ಓದುಗರು, ಶಿರಸಿ

ಉತ್ತರ: ಹೆಪ್ಪುಗಟ್ಟಿದ ರಕ್ತವಾದರೆ ಉಗುರಿನ ಜೊತೆ ಮುಂದೆ ಸರಿಯುತ್ತದೆ. ಕಾಲುಗುರು ತಿಂಗಳಿಗೆ ಸುಮಾರು ಒಂದೂವರೆ ಮಿ.ಮೀ. ಬೆಳೆಯುತ್ತದೆ. ಸ್ಕೇಲ್ ಪಕ್ಕಕ್ಕಿಟ್ಟು ಫೋಟೋ ತೆಗೆದು, ತಿಂಗಳ ನಂತರ ಹೋಲಿಸಿ. ಬುಡದಿಂದ ತುದಿಯವರೆಗೆ ಗೆರೆ ಹಾಗೇ ಉಳಿದಿದ್ದರೆ ಚರ್ಮವೈದ್ಯರಿಗೆ ತೋರಿಸಿ. 3 ಮಿ.ಮೀ.ಗಿಂತ ಅಗಲವಾಗಿದ್ದರೆ, ಉಗುರು ಸೀಳಿದ್ದರೆ, ಬುಡದ ಚರ್ಮಕ್ಕೂ ಕಪ್ಪು ಹಬ್ಬಿದ್ದರೆ ತಿಂಗಳೂ ಕಾಯಬೇಡಿ. ಬಯಾಪ್ಸಿಯನ್ನು ಉಗುರು ಹುಟ್ಟುವ ಬುಡದಿಂದ ತೆಗೆಯಬೇಕು. ಉಗುರಿನ ತುಂಡು ಮಾತ್ರ ಕಳಿಸಿದರೆ ಮೆಲನೋಮವಿದ್ದೂ ತಪ್ಪಿಹೋಗಬಹುದು.