ಹೊಸ ವೆಬ್ ಆ್ಯಪ್‌ಗೆ ಚೌಕಟ್ಟು ಹಾಕುವ ಕಮಾಂಡ್ ಯಾವುದು?

ಪ್ರಶ್ನೆ: ನಾನು ಗಂಗಾವತಿಯ ಡಿಪ್ಲೊಮಾ ವಿದ್ಯಾರ್ಥಿ. ವೆಬ್ ಪುಟ ಕಟ್ಟುವ ‘ರಿಯಾಕ್ಟ್’ ಲೈಬ್ರರಿಯಲ್ಲಿ ಹೊಸ ಆ್ಯಪ್ ಆರಂಭಿಸಿಕೊಡುವ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಎಂಬ ಸಾಧನ ಬಳಸಿದರೆ ಅದು ಹಳೆಯದಾಗಿದೆ ಎಂಬ ಎಚ್ಚರಿಕೆ ಬರುತ್ತದೆ. ಪ್ರಾಜೆಕ್ಟನ್ನು ಕೊಪ್ಪಳದ ಗೆಳೆಯನಿಗೆ ಕೊಡಲು ಪೆನ್‌ಡ್ರೈವ್‌ಗೆ ಹಾಕಿದರೆ ಕಾಪಿ ಮುಗಿಯುವುದೇ ಇಲ್ಲ. ಏನು ಮಾಡಲಿ?

ಉತ್ತರ: ಎಚ್ಚರಿಕೆ ಸರಿಯಾಗಿಯೇ ಇದೆ. ಹೊಸ ಆ್ಯಪ್‌ಗಳಿಗೆ ಆ ಸಾಧನ ಬೇಡವೆಂದು ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಕಲಿಯುವವರಿಗೆ ಅದೇ ಕೆಲಸ ಮಾಡುವ ‘ವೀಟ್’ ಎಂಬ ಸಾಧನ ಸೂಕ್ತವೆಂಬುದು ನನ್ನ ಅಭಿಪ್ರಾಯ. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ‘ನೋಡ್ ಜೆಎಸ್’ ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಂಡು ‘ಎನ್‌ಪಿಎಂ ಕ್ರಿಯೇಟ್ ವೀಟ್’ (npm create vite) ಎಂಬ ಕಮಾಂಡ್ ಕೊಟ್ಟರೆ (ಎನ್‌ಪಿಎಂ ಎಂದರೆ ನೋಡ್ ಜೊತೆಗೇ ಬರುವ, ಪ್ಯಾಕೇಜ್‌ಗಳನ್ನು ತರುವ ಸಾಧನ), ಅದು ಪ್ರಾಜೆಕ್ಟಿನ ಹೆಸರು, ಫ್ರೇಮ್‌ವರ್ಕ್, ಜಾವಾಸ್ಕ್ರಿಪ್ಟೋ ಟೈಪ್‌ಸ್ಕ್ರಿಪ್ಟೋ ಎಂಬುದನ್ನು ಕೇಳಿ, ಬೇಕಾದ ಕಡತಗಳನ್ನು ಕೆಲವೇ ಕ್ಷಣಗಳಲ್ಲಿ ಸಿದ್ಧಪಡಿಸುತ್ತದೆ. ಆ ಕಡತಗಳನ್ನು ಒಮ್ಮೆ ತೆರೆದು ಓದಿ. ಅವು ಬೆರಳೆಣಿಕೆಯಷ್ಟೇ ಇರುವುದರಿಂದ ಆ್ಯಪ್ ಎಲ್ಲಿಂದ ಆರಂಭವಾಗುತ್ತದೆ ಎಂಬುದು ನಿಮಗೆ ಸ್ಪಷ್ಟವಾಗುತ್ತದೆ.

ಕಾಪಿ ನಿಧಾನವಾಗಲು ಕಾರಣ ಆ್ಯಪ್‌ಗೆ ಬೇಕಾದ ಪ್ಯಾಕೇಜ್‌ಗಳು, ಅಂದರೆ ಬೇರೆಯವರು ಬರೆದ ಸಿದ್ಧ ಕೋಡ್, ಇರುವ ‘ನೋಡ್ ಮಾಡ್ಯೂಲ್ಸ್’ ಎಂಬ ಫೋಲ್ಡರ್. ಅದರಲ್ಲಿ ಸಾವಿರಾರು ಪುಟ್ಟ ಕಡತಗಳಿರುತ್ತವೆ, ಪೆನ್‌ಡ್ರೈವ್ ಅವುಗಳನ್ನು ಒಂದೊಂದಾಗಿ ಬರೆಯಬೇಕಾಗುತ್ತದೆ. ಆ ಫೋಲ್ಡರನ್ನು ಬಿಟ್ಟು ಉಳಿದದ್ದನ್ನು ಕೊಡಿ. ಯಾವ ಪ್ಯಾಕೇಜ್‌ಗಳು ಬೇಕೆಂಬುದು ‘ಪ್ಯಾಕೇಜ್ ಜೇಸನ್’ ಮತ್ತು ಅವುಗಳ ನಿಖರ ಆವೃತ್ತಿ ಹೇಳುವ ಲಾಕ್ ಕಡತಗಳಲ್ಲಿ ಬರೆದಿರುವುದರಿಂದ, ನಿಮ್ಮ ಗೆಳೆಯ ಇಂಟರ್ನೆಟ್ ಇರುವಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಎಂದು ಕೊಟ್ಟರೆ ಅದೇ ಫೋಲ್ಡರ್ ಅವರ ಕಂಪ್ಯೂಟರಿನಲ್ಲಿ ಮತ್ತೆ ತಯಾರಾಗುತ್ತದೆ.