ಓದುಗರ ಪ್ರಶ್ನೆ: ಕ್ಯಾಲ್ಕುಲಸ್‌ಗೆ ಉಳಿದಿರುವ ಒಂದು ವಾರ

ಪ್ರಶ್ನೆ: ನಾನು ನಾಪೋಕ್ಲು ಕಡೆಯ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಗಣಿತ ಪರೀಕ್ಷೆಗೆ ಹೆಚ್ಚು ದಿನ ಉಳಿದಿಲ್ಲ. ಮ್ಯಾಟ್ರಿಕ್ಸ್, ವೆಕ್ಟರ್, ಸಂಭವನೀಯತೆ ಹೇಗೋ ನಡೆಯುತ್ತವೆ. ಕ್ಯಾಲ್ಕುಲಸ್ ಎಂದರೆ ಮಾತ್ರ ಕೈ ನಡುಗುತ್ತದೆ. ಬಿಡಿಸಿದ ಲೆಕ್ಕವನ್ನು ಓದಿದರೆ ಎಲ್ಲವೂ ಅರ್ಥವಾಗುತ್ತದೆ, ಪುಸ್ತಕ ಮುಚ್ಚಿ ಬರೆಯಲು ಕುಳಿತರೆ ಎರಡನೆಯ ಸಾಲಿಗೇ ನಿಂತುಬಿಡುತ್ತೇನೆ. ಈ ಅಧ್ಯಾಯಗಳನ್ನು ಬಿಟ್ಟು ಉಳಿದವನ್ನೇ ಚೆನ್ನಾಗಿ ಓದಲೇ?

ಉತ್ತರ: ಬಿಡಬೇಡಿ. ಪುಸ್ತಕದ 13 ಅಧ್ಯಾಯಗಳಲ್ಲಿ ಐದನೆಯದರಿಂದ ಒಂಬತ್ತನೆಯದರವರೆಗಿನ ಐದು ಅಧ್ಯಾಯಗಳು ಕ್ಯಾಲ್ಕುಲಸ್‌ಗೆ ಸೇರಿದವು. 80 ಅಂಕಗಳ ಪತ್ರಿಕೆಯಲ್ಲಿ ಇಷ್ಟು ದೊಡ್ಡ ಪಾಲು ಬೇರೆ ಯಾವ ವಿಭಾಗಕ್ಕೂ ಇಲ್ಲ. ಈ ಸಂಚಿಕೆ ಅಂಚೆಯಲ್ಲಿ ನಿಮ್ಮ ಊರು ತಲುಪುವ ಹೊತ್ತಿಗೆ ಒಂದು ವಾರ ಉಳಿದಿರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಕಾಯಿಲೆಯನ್ನು ನೀವೇ ಸರಿಯಾಗಿ ಗುರುತಿಸಿದ್ದೀರಿ. ಬಿಡಿಸಿದ ಲೆಕ್ಕವನ್ನು ಓದುವಾಗ ಮುಂದಿನ ಹೆಜ್ಜೆ ಯಾವುದೆಂಬ ನಿರ್ಧಾರವನ್ನು ಪುಸ್ತಕವೇ ಮಾಡಿಕೊಡುತ್ತದೆ, ಪರೀಕ್ಷೆಯಲ್ಲಿ ನಿಮ್ಮಿಂದ ಕೇಳುವುದು ಆ ನಿರ್ಧಾರವನ್ನೇ. ಆದ್ದರಿಂದ ಈ ವಾರ ಓದುವುದನ್ನು ನಿಲ್ಲಿಸಿ, ಬರೆಯಿರಿ. ಪುಸ್ತಕದ ಉದಾಹರಣೆಯ ಪ್ರಶ್ನೆಯನ್ನು ಮಾತ್ರ ನಕಲು ಮಾಡಿಕೊಂಡು, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಎಲ್ಲಿಯವರೆಗೆ ಹೋಗುತ್ತೀರೋ ಅಲ್ಲಿಯವರೆಗೆ ಹೋಗಿ. ನಿಂತ ಜಾಗದಲ್ಲಿ ಒಂದು ಗೆರೆ ಎಳೆದು, ಒಂದೇ ಒಂದು ಸಾಲನ್ನು ನೋಡಿ, ಮತ್ತೆ ಮುಚ್ಚಿ ಮುಂದುವರಿಸಿ. ಮರುದಿನ ಬೆಳಿಗ್ಗೆ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿದಾಗ ಗೆರೆ ಎಳೆಯಬೇಕಾಗದಿದ್ದರೆ ಆ ಲೆಕ್ಕ ನಿಮ್ಮದಾಯಿತು.

ಎಲ್ಲಿಂದ ಆರಂಭಿಸಬೇಕು ಎಂದರೆ ಅನುಮಾನವಿಲ್ಲದೆ ಡಿಫರೆನ್ಸಿಯೇಷನ್‌ನಿಂದ. ಇಂಟಿಗ್ರೇಷನ್ ಅದರ ತಿರುವುಮುರುವು, ಗರಿಷ್ಠ–ಕನಿಷ್ಠ ಅದರ ಉಪಯೋಗ, ಅವಕಲ ಸಮೀಕರಣ (ಡಿಫರೆನ್ಷಿಯಲ್ ಈಕ್ವೇಷನ್) ಇವೆರಡರ ಸಂಸಾರ. ಚೈನ್ ರೂಲ್ ಗಟ್ಟಿಯಾಗದೆ ಮುಂದೆ ಹೋದರೆ ಸೋರುವ ಕೊಡದಲ್ಲಿ ನೀರು ಹೊತ್ತಂತೆ. ಒಂದು ಪರೀಕ್ಷೆ ಮಾಡಿಕೊಳ್ಳಿ: ಎಕ್ಸ್ ಘಾತ ಎಕ್ಸ್ ಅನ್ನು ಡಿಫರೆನ್ಷಿಯೇಟ್ ಮಾಡಿ. ಘಾತವನ್ನು ಮುಂದಕ್ಕೆ ತಂದು ಒಂದು ಕಳೆದಿದ್ದರೆ ತಪ್ಪು, ಏಕೆಂದರೆ ಆ ನಿಯಮ ಘಾತವು ಸ್ಥಿರಾಂಕವಾಗಿದ್ದಾಗ ಮಾತ್ರ ನಡೆಯುತ್ತದೆ. ಎರಡೂ ಬದಿಗೆ ಲಾಗ್ ತೆಗೆದುಕೊಂಡು ಹೋದರೆ ಎಕ್ಸ್ ಘಾತ ಎಕ್ಸ್ ಅನ್ನು (1 + ಲಾಗ್ ಎಕ್ಸ್) ಇಂದ ಗುಣಿಸಿದ ಉತ್ತರ ಬರುತ್ತದೆ.

ಎರಡು ಬಾರಿ ಡಿಫರೆನ್ಷಿಯೇಟ್ ಮಾಡಿ ಸಾಧಿಸುವ ಪ್ರಶ್ನೆಗಳಲ್ಲಿ ಮಕ್ಕಳು ಮುಳುಗುವ ಜಾಗ ಒಂದೇ. ವೈ ಎಂಬುದು ಟ್ಯಾನ್ ಇನ್ವರ್ಸ್ ಎಕ್ಸ್‌ನ ವರ್ಗ ಎಂದುಕೊಳ್ಳಿ. ಮೊದಲ ನಿಷ್ಪನ್ನದಲ್ಲಿ, ಅಂದರೆ ಒಮ್ಮೆ ಡಿಫರೆನ್ಷಿಯೇಟ್ ಮಾಡಿದಾಗ, ಮೇಲೆ ಎರಡು ಟ್ಯಾನ್ ಇನ್ವರ್ಸ್ ಎಕ್ಸ್, ಕೆಳಗೆ 1 + ಎಕ್ಸ್ ವರ್ಗ ಬರುತ್ತದೆ. ಇಲ್ಲಿಂದ ಕೋಶೆಂಟ್ ರೂಲ್ ಹಿಡಿದು ಹೊರಟವರು ಅರ್ಧ ಪುಟ ಬರೆದು ಎಲ್ಲೋ ಒಂದು ಚಿಹ್ನೆ ಕಳೆದುಕೊಳ್ಳುತ್ತಾರೆ. ಅದರ ಬದಲು ಕೆಳಗಿರುವ 1 + ಎಕ್ಸ್ ವರ್ಗವನ್ನು ಎಡಬದಿಗೆ ಕಳುಹಿಸಿ, ಬಳಿಕ ಮತ್ತೊಮ್ಮೆ ಡಿಫರೆನ್ಷಿಯೇಟ್ ಮಾಡಿ. ಎಡಬದಿಗೆ ಪ್ರಾಡಕ್ಟ್ ರೂಲ್ ಸಾಕು, ಬಲಬದಿಯಲ್ಲಿ 2 ಭಾಗಿಸು 1 + ಎಕ್ಸ್ ವರ್ಗ ಮಾತ್ರ ಉಳಿಯುತ್ತದೆ, ಅದನ್ನೂ ಎಡಕ್ಕೆ ಗುಣಿಸಿದರೆ ಸಾಧಿಸಬೇಕಾದ್ದು ನಾಲ್ಕು ಸಾಲಿನಲ್ಲಿ ಮುಗಿಯಿತು. ಭಿನ್ನರಾಶಿ ಕಂಡೊಡನೆ ಮೊದಲು ಅದನ್ನು ಎತ್ತಿ ಆಚೆ ಹಾಕುವ ಈ ಅಭ್ಯಾಸವೊಂದು ಕೈಗೆ ಹತ್ತಿದರೆ ಆ ಜಾತಿಯ ಪ್ರಶ್ನೆಗಳೆಲ್ಲ ಹಗುರವಾಗುತ್ತವೆ.

ನಿಶ್ಚಿತ ಅನುಕಲನದ (ಡೆಫಿನಿಟ್ ಇಂಟಿಗ್ರಲ್) ಗುಣಧರ್ಮಗಳ ಸಾಧನೆಯನ್ನೂ ಬಿಡಬೇಡಿ, ಪತ್ರಿಕೆಯ ಕೊನೆಯ ಭಾಗದಲ್ಲಿ ಹಲವು ವರ್ಷಗಳಿಂದ ಅದನ್ನು ಕೇಳುತ್ತ ಬಂದಿದ್ದಾರೆ. ಸೊನ್ನೆಯಿಂದ ಪೈ ಬೈ ಟೂ ವರೆಗೆ, ಮೇಲೆ ಸೈನ್, ಕೆಳಗೆ ಸೈನ್ ಪ್ಲಸ್ ಕಾಸ್ ಇರುವ ಲೆಕ್ಕವನ್ನು ನೇರವಾಗಿ ಬಿಡಿಸಲು ಹೋಗಿ ಬೆವರುವುದು ಬೇಡ. ಎಕ್ಸ್ ಇದ್ದಲ್ಲಿ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿದರೆ ಸೈನ್ ಹೋಗಿ ಕಾಸ್ ಆಗುತ್ತದೆ, ಕೆಳಗಿನದು ಹಾಗೆಯೇ ಉಳಿಯುತ್ತದೆ. ಎರಡನ್ನೂ ಕೂಡಿಸಿದರೆ ಒಳಗೆ ಬರೀ 1, ಮೊತ್ತ ಪೈ ಬೈ ಟೂ, ಅದರ ಅರ್ಧ ಪೈ ಬೈ ಫೋರ್ ನಿಮ್ಮ ಉತ್ತರ.

ಗರಿಷ್ಠ–ಕನಿಷ್ಠದ ಲೆಕ್ಕದಲ್ಲಿ ಮೊದಲು ಚಿತ್ರ ಬರೆಯಿರಿ. ಮನೆಯ ಗೋಡೆಗೆ ಹೊಂದಿಕೊಂಡ ಕಾಫಿ ಕಣದ ಉಳಿದ ಮೂರು ಬದಿಗೆ 40 ಮೀಟರ್ ಬಲೆ ಕಟ್ಟಬೇಕು, ಕಣ ಆದಷ್ಟು ದೊಡ್ಡದಿರಬೇಕು ಎನ್ನೋಣ. ಅಗಲ ಎಕ್ಸ್ ಆದರೆ ಉದ್ದ 40 ಮೈನಸ್ 2 ಎಕ್ಸ್. ವಿಸ್ತೀರ್ಣದ ನಿಷ್ಪನ್ನ 40 ಮೈನಸ್ 4 ಎಕ್ಸ್ ಸೊನ್ನೆಯಾಗುವುದು ಎಕ್ಸ್ 10 ಇದ್ದಾಗ. ಅಗಲ 10, ಉದ್ದ 20, ವಿಸ್ತೀರ್ಣ 200 ಚದರ ಮೀಟರ್. ಎರಡನೆಯ ನಿಷ್ಪನ್ನ ಮೈನಸ್ 4, ಋಣವಾದ್ದರಿಂದ ಇದು ಗರಿಷ್ಠ ಎಂಬ ಆ ಒಂದು ಸಾಲನ್ನು ಬರೆಯದೆ ಅಂಕ ಕಳೆದುಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಪ್ರಶ್ನೆ: ನಾವು ಸಿದ್ದಾಪುರದ ಬಳಿ ಸಣ್ಣ ಬೆಳೆಗಾರರು. ಮಗ ರಾತ್ರಿ ಎರಡು ಗಂಟೆಯವರೆಗೆ ಗಣಿತ ಓದುತ್ತಾನೆ. ಹೂವಿಗೆ ನೀರು ಹಾಯಿಸುವ ಸಮಯವಾದ್ದರಿಂದ ಸ್ಪ್ರಿಂಕ್ಲರ್ ಪೈಪ್ ಬದಲಿಸಲು ಅವನನ್ನು ಕರೆಯುವುದು ತಪ್ಪೇ?

ಉತ್ತರ: ಹಗಲಿನಲ್ಲಿ ಅರ್ಧ ಗಂಟೆ ಕರೆದರೆ ತಪ್ಪಿಲ್ಲ, ತಲೆಗೂ ಗಾಳಿ ಸಿಗುತ್ತದೆ. ನಡುರಾತ್ರಿ ಮೋಟಾರ್ ಹಾಕಲು ಎಬ್ಬಿಸಬೇಡಿ. ಅವನ ಎರಡು ಗಂಟೆಯ ಓದಿಗೂ ಈ ವಾರ ಕಡಿವಾಣ ಹಾಕಿ: ನಿದ್ದೆಗೆಟ್ಟ ಕೈ ಸೂತ್ರವನ್ನು ಮರೆಯುವುದಕ್ಕಿಂತ ಮೊದಲು ಪ್ಲಸ್–ಮೈನಸ್ ಮರೆಯುತ್ತದೆ, ಕ್ಯಾಲ್ಕುಲಸ್‌ನಲ್ಲಿ ಹೋಗುವ ಅಂಕಗಳಲ್ಲಿ ದೊಡ್ಡ ಪಾಲು ಅಂಥ ಬೀಜಗಣಿತದ ತಪ್ಪುಗಳದ್ದೇ. ಪರೀಕ್ಷೆ ನಡೆಯುವ ಹೊತ್ತಿನಲ್ಲೇ ಮನೆಯಲ್ಲಿ ಗಡಿಯಾರವಿಟ್ಟು ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಬರೆಸಿ. ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋದರೆ ನಷ್ಟವೇನಿಲ್ಲ. ಟಾರ್ಚಿನ ಬೆಳಕಿನಲ್ಲಿ ಸೂತ್ರಗಳನ್ನು ಬಾಯಿಬಿಟ್ಟು ಹೇಳಿಸಿ, ನೀವು ಪುಸ್ತಕ ಹಿಡಿದು ಕೇಳಿ. ಕೇಳಲು ನಿಮಗೆ ಗಣಿತ ಬರಬೇಕೆಂದೇನಿಲ್ಲ.

ಪ್ರಶ್ನೆ: ಇಂಟಿಗ್ರೇಷನ್‌ನಲ್ಲಿ ಡಿಎಕ್ಸ್ ಮತ್ತು ಪ್ಲಸ್ ಸಿ ಬರೆಯದಿದ್ದರೆ ಏನಾಗುತ್ತದೆ? ಬರೀ ಅಲಂಕಾರದಂತೆ ಕಾಣುತ್ತದೆ. (ಸೋಮವಾರಪೇಟೆಯ ವಿದ್ಯಾರ್ಥಿ)

ಉತ್ತರ: ಅಲಂಕಾರವಲ್ಲ. 1675ರಲ್ಲಿ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ಮೊತ್ತ ಎಂಬರ್ಥದ ಲ್ಯಾಟಿನ್ ಪದದ ಮೊದಲ ಅಕ್ಷರವನ್ನೇ ಉದ್ದಕ್ಕೆಳೆದು ಇಂಟಿಗ್ರೇಷನ್‌ನ ಚಿಹ್ನೆ ಮಾಡಿದ. ಕೂಡಿಸುತ್ತಿರುವುದು ಯಾವುದರ ಚೂರುಗಳನ್ನು ಎಂದು ಹೇಳುವುದು ಡಿಎಕ್ಸ್. ಮೇಲೆ ಎಕ್ಸ್, ಕೆಳಗೆ 1 + ಎಕ್ಸ್ ವರ್ಗ ಇರುವ ಲೆಕ್ಕದಲ್ಲಿ ಕೆಳಗಿನದನ್ನು ಟಿ ಎಂದುಕೊಂಡಾಗ ಡಿಎಕ್ಸ್ ಬರೆದವನಿಗೆ ಡಿಟಿ ಎಂದರೆ 2 ಎಕ್ಸ್ ಡಿಎಕ್ಸ್ ಎಂಬುದು ಕಣ್ಣಿಗೆ ಕಾಣುತ್ತದೆ, ಉತ್ತರದಲ್ಲಿ ಅರ್ಧ ಉಳಿಯುತ್ತದೆ. ಬರೆಯದವನ ಅರ್ಧ ಹೋಗಿಬಿಡುತ್ತದೆ.

ಸಿ ವಿಷಯ ಇನ್ನೂ ಸೂಕ್ಷ್ಮ. ನಿಶ್ಚಿತ ಅನುಕಲನದಲ್ಲಿ ಅದು ಬೇಡ. ಅವಕಲ ಸಮೀಕರಣದಲ್ಲಾದರೋ ಇಂಟಿಗ್ರೇಟ್ ಮಾಡಿದ ಸಾಲಿನಲ್ಲೇ ಅದನ್ನು ಬರೆಯಬೇಕು. ಡಿವೈ ಬೈ ಡಿಎಕ್ಸ್ ಎಂಬುದು ವೈಗೆ ಸಮವಾಗಿದ್ದರೆ, ಲಾಗ್ ವೈ ಎಂದರೆ ಎಕ್ಸ್ ಪ್ಲಸ್ ಸಿ ಎಂದು ಬರೆದವನಿಗೆ ಸ್ಥಿರಾಂಕವೊಂದರಿಂದ ಗುಣಿಸಿದ ಇ ಘಾತ ಎಕ್ಸ್ ಸಿಗುತ್ತದೆ. ಮರೆತು ಕೊನೆಯ ಸಾಲಿಗೆ ಸಿ ಅಂಟಿಸಿದವನಿಗೆ ಸಿಗುವುದು ಇ ಘಾತ ಎಕ್ಸ್ ಪ್ಲಸ್ ಸಿ. ಅದನ್ನು ಮತ್ತೆ ಡಿಫರೆನ್ಷಿಯೇಟ್ ಮಾಡಿ ನೋಡಿದರೆ, ಸಿ ಸೊನ್ನೆಯಲ್ಲದ ಹೊರತು ಕೊಟ್ಟ ಸಮೀಕರಣಕ್ಕೆ ಹೊಂದುವುದೇ ಇಲ್ಲ.